ಕಟ್ಟಡ ಮುಗಿಯಿತು ಎನ್ನುವುದು ಯಾವಾಗ?

ಮಸ್ಕಿಯಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಎಂಟು ಕಡೆ ಕಬ್ಬಿಣದ ಸರಳುಗಳು ನಿಂತಿವೆ. 2019ರಲ್ಲಿ ಕೆಳಗಿನ ಮನೆಗೆ ಸ್ಲ್ಯಾಬ್ ಹಾಕಿದಾಗ, ‘ಮುಂದ ಮ್ಯಾಲ ಎರಡು ಖೋಲಿ ಹಾಕೂಣು’ ಎಂದು ಅಪ್ಪ ಕಾಲಂ ಸರಳುಗಳನ್ನು ಕತ್ತರಿಸದೆ ಹಾಗೇ ಬಿಡಿಸಿದ್ದರು. ಆ ‘ಮುಂದ’ ಇನ್ನೂ ಬಂದಿಲ್ಲ. ಮಳೆಗೆ ತುಕ್ಕು ಹಿಡಿಯಬಾರದೆಂದು ಅವ್ವ ಅವುಗಳಿಗೆ ಖಾಲಿ ನೀರಿನ ಬಾಟಲಿಗಳನ್ನು ಬೋರಲು ಹಾಕಿದ್ದಾಳೆ. ಸಿಂಧನೂರಿನಲ್ಲಿ, ಲಿಂಗಸುಗೂರಿನಲ್ಲಿ ಯಾವ ಓಣಿಗೆ ಹೋದರೂ ಇದೇ ನೋಟ. ನಮ್ಮ ಕಡೆ ಮನೆ ಕಟ್ಟುವುದು ಎಂದರೆ ಒಂದು ಸಲ ಮುಗಿಸುವ ಕೆಲಸವಲ್ಲ. ಒಂದು ವರ್ಷ ಗೋಡೆ, ಇನ್ನೊಂದು ವರ್ಷ ಗಿಲಾವು, ಭತ್ತದ ಬೆಲೆ ಚೆನ್ನಾಗಿ ಬಂದ ವರ್ಷ ನೆಲಕ್ಕೆ ಪರ್ಸಿ.

ಕಳೆದ ವರ್ಷ ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಿಂದ ಫೋಟೊ ಒಂದನ್ನು ಕಳಿಸಿದ. ಅವನು ಹತ್ತು ವರ್ಷದಿಂದ ಅಲ್ಲಿ ಟೈಲ್ಸ್ ಕೆಲಸ ಮಾಡುತ್ತಾನೆ. ಫೋಟೊದಲ್ಲಿ ಕನ್ನಡಿಯಂತೆ ಹೊಳೆಯುವ ಇಟಾಲಿಯನ್ ಮಾರ್ಬಲ್ ನೆಲ, ಆಚೆಗೆ ಗಾಜಿನ ಗೋಡೆ, ಅದರಾಚೆ ಕೆಳಗೆ ಇಡೀ ಊರು. ಇಪ್ಪತ್ತೇಳನೇ ಅಂತಸ್ತಂತೆ. ‘ಭಾಳ ಚಂದ ಆಗೇತಿ ಅಣ್ಣ, ಮುಗೀತೇನು?’ ಎಂದು ಕೇಳಿದೆ. ‘ಬಿಲ್ಡಿಂಗ್ ಮುಗೀತು ತಂಗಿ, ನಮ್ಮ ಲೆಕ್ಕ ಮುಗಿದಿಲ್ಲ ನೋಡು’ ಎಂದ. ಅವನಿಗೆ ಬರಬೇಕಿದ್ದ ಬಾಕಿ 42 ಸಾವಿರ ರೂಪಾಯಿ. ಅದರಲ್ಲಿ 30 ಸಾವಿರವನ್ನು ನನ್ನ ಮೂರನೇ ವರ್ಷದ ಫೀಸಿಗೆ ಕೈಗಡ ಕೊಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಅದನ್ನು ನಂಬಿಕೊಂಡೇ ನಾವು ಕೂತಿದ್ದೆವು.

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಟ್ಟಡ ಹೇಗೆ ನಿಲ್ಲುತ್ತದೆ ಎಂದು ನಮಗೆ ಆರು ಸೆಮಿಸ್ಟರ್ ಕಲಿಸಿದ್ದಾರೆ. ಕಟ್ಟಡ ಹೇಗೆ ಮುಗಿಯುತ್ತದೆ ಎಂದು ಯಾರೂ ಕಲಿಸಿರಲಿಲ್ಲ. ಅಣ್ಣನ ಆ ಒಂದು ಮಾತಿನಿಂದ ನಾನು ಬೆಂಗಳೂರಿನ ಐಷಾರಾಮಿ ಟವರ್‌ಗಳ ಸುದ್ದಿಯನ್ನು ಬೇರೆ ರೀತಿಯಲ್ಲಿ ಓದಲು ಶುರು ಮಾಡಿದೆ.

ಒಂದು ಟವರ್, ಹದಿನಾಲ್ಕು ವರ್ಷ

2024ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಇನ್ಫೊಸಿಸ್ ಸಂಸ್ಥಾಪಕ ನಾರಾಯಣಮೂರ್ತಿ ಅವರು ಬೆಂಗಳೂರಿನ ಕಿಂಗ್‌ಫಿಷರ್ ಟವರ್ಸ್‌ನ 16ನೇ ಅಂತಸ್ತಿನಲ್ಲಿ ಸುಮಾರು 8,400 ಚದರ ಅಡಿಯ ಮನೆಯೊಂದನ್ನು 50 ಕೋಟಿ ರೂಪಾಯಿಗೆ ಕೊಂಡರು ಎಂಬುದು ಆ ಸುದ್ದಿ. ಚದರ ಅಡಿಗೆ ಸುಮಾರು 59,500 ರೂಪಾಯಿ. ನಮ್ಮ ಹಾಸ್ಟೆಲ್‌ನಲ್ಲಿ ಎರಡು ದಿನ ಇದೇ ಮಾತು. ‘ಒಂದು ಚದರ ಅಡಿಗೆ ನಮ್ಮ ಒಂದು ವರ್ಷದ ಫೀಸು’ ಎಂದು ಗೆಳತಿಯೊಬ್ಬಳು ಲೆಕ್ಕ ಹಾಕಿದಳು.

ಆದರೆ ಆ ಕಟ್ಟಡದ ಕಥೆ ಬೆಲೆಗಿಂತ ದೊಡ್ಡದು. ಯುಬಿ ಸಿಟಿಯ ಪಕ್ಕ, ಕಬ್ಬನ್ ಪಾರ್ಕಿಗೆ ಹತ್ತಿರ, ವಿಜಯ್ ಮಲ್ಯ ಅವರ ಪೂರ್ವಜರ ಮನೆ ಇದ್ದ ಸುಮಾರು ನಾಲ್ಕೂವರೆ ಎಕರೆ ಜಾಗದಲ್ಲಿ ಅದು ನಿಂತಿದೆ. ಮಲ್ಯ ಅವರ ಕಡೆಯಿಂದ ಜಾಗ, ಪ್ರೆಸ್ಟೀಜ್ ಸಮೂಹದಿಂದ ನಿರ್ಮಾಣ. 34 ಅಂತಸ್ತು, ಮೂರು ಬ್ಲಾಕ್, ಎಂಬತ್ತರ ಆಸುಪಾಸಿನಷ್ಟೇ ಮನೆಗಳು. ಮೇಲ್ತುದಿಯಲ್ಲಿ ಮಲ್ಯ ಅವರಿಗೆಂದೇ ಒಂದು ಬಂಗಲೆ. 2010ರಲ್ಲಿ ಮಾರಾಟ ಶುರುವಾದಾಗ ಬೆಲೆ ಚದರ ಅಡಿಗೆ 22,000 ರೂಪಾಯಿ ಇತ್ತು ಎಂದು ವರದಿಗಳು ಹೇಳುತ್ತವೆ.

ಆಮೇಲೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನಗಳು ನಿಂತವು. ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಅದೇ ವರ್ಷ ಜಾರಿ ನಿರ್ದೇಶನಾಲಯ ಈ ಟವರ್‌ನಲ್ಲಿದ್ದ ಅವರ ಪಾಲಿನ ಫ್ಲಾಟ್‌ಗಳನ್ನೂ ಮುಟ್ಟುಗೋಲು ಹಾಕಿಕೊಂಡಿತು. ಹೆಸರು ಕೊಟ್ಟವರು ಬಿದ್ದರು, ಆದರೆ ಹೆಸರು ಹೊತ್ತ ಕಟ್ಟಡ ನಿಲ್ಲಲಿಲ್ಲ. ಕೊಂಡವರ ಕಂತು ಬರುತ್ತಿತ್ತು, ಕಟ್ಟುವ ಕಂಪನಿ ಬೇರೆಯಾಗಿತ್ತು, ಹೀಗಾಗಿ ಕೆಲಸ ಮುಂದುವರಿಯಿತು.

ಮುಂಬೈನ ಪ್ಯಾಲೆ ರಾಯಲ್ ಟವರ್ ಇದಕ್ಕೆ ವಿರುದ್ಧದ ಉದಾಹರಣೆ. ವರ್ಲಿಯಲ್ಲಿ 300 ಮೀಟರಿಗೂ ಎತ್ತರ ಏರಿದ ಆ ಕಟ್ಟಡ ಕೋರ್ಟ್ ಕೇಸು, ಸಾಲದ ನಡುವೆ ಸಿಕ್ಕಿ ವರ್ಷಗಟ್ಟಲೆ ಅರ್ಧಕ್ಕೇ ನಿಂತಿತು. ಕೊನೆಗೆ 2019ರಲ್ಲಿ ಸಾಲ ಕೊಟ್ಟ ಕಂಪನಿ ಅದನ್ನು ಹರಾಜಿಗಿಟ್ಟಿತು. ಅಷ್ಟು ಎತ್ತರದ ಕಾಂಕ್ರೀಟ್ ನಿಲ್ಲಿಸಲು ಎಂಜಿನಿಯರ್‌ಗಳಿಗೆ ಆಯಿತು. ಒಳಗೆ ದೀಪ ಹಚ್ಚಲು ದುಡ್ಡು, ಅನುಮತಿ ಎರಡೂ ಕೂಡಿಬರಲಿಲ್ಲ. ನಮ್ಮ ಮಾಳಿಗೆ ಮೇಲಿನ ಸರಳುಗಳಿಗೂ ಅದಕ್ಕೂ ಇರುವ ವ್ಯತ್ಯಾಸ ಎತ್ತರದ್ದು ಮಾತ್ರ.

ಕಿಂಗ್‌ಫಿಷರ್ ಟವರ್ಸ್ ಬೆಲೆಯ ಬಗ್ಗೆ ನಾನೇ ಒಂದು ಲೆಕ್ಕ ಮಾಡಿದೆ. 2010ರ 22,000 ರೂಪಾಯಿ 2024ಕ್ಕೆ 59,500 ಆಗಿದೆ. ಅಂದರೆ 2.7 ಪಟ್ಟು. ಕೇಳಲು ದೊಡ್ಡದು. ಹದಿನಾಲ್ಕು ವರ್ಷಕ್ಕೆ ಚಕ್ರಬಡ್ಡಿ ಹಾಕಿ ನೋಡಿದರೆ ವರ್ಷಕ್ಕೆ ಸುಮಾರು ಶೇ 7.4. ಆ ದಶಕದಲ್ಲಿ ಬ್ಯಾಂಕಿನ ಠೇವಣಿಗೆ ಸಿಗುತ್ತಿದ್ದ ಬಡ್ಡಿಗೂ ಇದಕ್ಕೂ ಅಜಗಜಾಂತರವೇನಿಲ್ಲ. ಎಲ್ಲರೂ ಹಣವನ್ನು ಒಂದೇ ಸಲ ಕಟ್ಟಿರುವುದಿಲ್ಲ, ಹಾಗಾಗಿ ಇದು ಅಂದಾಜು ಲೆಕ್ಕ. ಆದರೂ ಒಂದು ವಿಷಯ ಸ್ಪಷ್ಟ: ಕಟ್ಟಡ ಮುಗಿಯಲು ತಡವಾದಷ್ಟೂ ‘ಐಷಾರಾಮಿ ಮನೆ ಎಂದರೆ ಬಂಗಾರದ ಮೊಟ್ಟೆ’ ಎಂಬ ಮಾತು ಸುಳ್ಳಾಗುತ್ತ ಹೋಗುತ್ತದೆ. ಸಿಂಧನೂರು ಸುತ್ತ ಗದ್ದೆ ಒಡೆದು ಮಾಡಿದ ಲೇಔಟ್‌ಗಳಲ್ಲಿ ‘ಐದು ವರ್ಷದಾಗ ಡಬಲ್’ ಎಂದು ಪ್ಲಾಟ್ ಮಾರುವವರ ಮುಂದೆಯೂ ನಾವು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಪೈಪೋಟಿ ಯಾವುದರಲ್ಲಿ?

ಇಂಥ ಟವರ್‌ಗೆ ಪ್ರತಿಸ್ಪರ್ಧಿಗಳು ಯಾರು? ಮೊದಲು ನನಗೆ ಎತ್ತರವೇ ಪೈಪೋಟಿ ಅನಿಸಿತ್ತು. ಆದರೆ ಬೆಂಗಳೂರಿನಲ್ಲಿ ಎತ್ತರದ ಲೆಕ್ಕದಲ್ಲಿ ಕಿಂಗ್‌ಫಿಷರ್ ಟವರ್ಸ್ ಮೊದಲಿನದಲ್ಲ. ಯಶವಂತಪುರದ ಸಿಎನ್‌ಟಿಸಿ ಪ್ರೆಸಿಡೆನ್ಷಿಯಲ್ ಟವರ್ 50 ಅಂತಸ್ತಿನದು, 160 ಮೀಟರ್ ಆಸುಪಾಸು. ಬನ್ನೇರುಘಟ್ಟ ರಸ್ತೆಯ ಮಂತ್ರಿ ಪಿನಾಕಲ್ 46 ಅಂತಸ್ತು. ಇವೆರಡೂ ಅದಕ್ಕಿಂತ ಎತ್ತರ, ಆದರೆ ಬೆಲೆಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಬೆಲೆ ಏರುವುದು ಜಾಗ ಮತ್ತು ಹೆಸರಿನಿಂದ. ಬಳ್ಳಾರಿ ರಸ್ತೆಯ ಎಂಬಸಿ ಒನ್‌ನಲ್ಲಿ ಫೋರ್ ಸೀಸನ್ಸ್ ಹೋಟೆಲ್‌ನ ಹೆಸರಿನಲ್ಲೇ ಮನೆಗಳಿವೆ. ಹೋಟೆಲ್‌ನ ಸೇವೆ ಮನೆ ಬಾಗಿಲಿಗೆ ಬರುತ್ತದೆ ಎಂಬುದು ಅಲ್ಲಿಯ ಆಕರ್ಷಣೆ. ರಾಜಾಜಿನಗರದಲ್ಲಿ ಹಳೆಯ ಕೈಗಾರಿಕಾ ಪ್ರದೇಶವೇ ಫೀನಿಕ್ಸ್ ಸಂಸ್ಥೆಯ ಒನ್ ಬ್ಯಾಂಗಲೋರ್ ವೆಸ್ಟ್, ಕೆಸ್ಸಾಕು ಟವರ್‌ಗಳಾಗಿ ಬದಲಾಗಿದೆ. ಮಾಲ್ ಪಕ್ಕ, ಮೆಟ್ರೊ ಹತ್ತಿರ ಎಂಬುದು ಅವುಗಳ ಬಲ. ಕಿಂಗ್‌ಫಿಷರ್ ಟವರ್ಸ್ ಮಾರುವುದು ಕಬ್ಬನ್ ಪಾರ್ಕಿನ ಹಸಿರನ್ನು, ಮತ್ತು ‘ಪಕ್ಕದ ಮನೆಯವರು ಯಾರು’ ಎಂಬುದನ್ನು.

ಬೆಂಗಳೂರಿನ ಟವರ್‌ಗಳು ಮುಂಬೈಯಷ್ಟು ಎತ್ತರ ಏರದಿರಲು ಕಾರಣಗಳಿವೆ. ಎಚ್‌ಎಎಲ್, ಯಲಹಂಕ, ಜಕ್ಕೂರು ಹೀಗೆ ವಿಮಾನ ಇಳಿಯುವ ನೆಲೆಗಳು ಊರಿನ ಸುತ್ತಮುತ್ತಲೇ ಇವೆ, ಅವುಗಳ ಸುತ್ತ ಎತ್ತರಕ್ಕೆ ಮಿತಿ ಇದೆ. ರಸ್ತೆ ಅಗಲ ಮತ್ತು ನಿವೇಶನದ ಅಳತೆ ನೋಡಿ ಎಷ್ಟು ಕಟ್ಟಬಹುದು ಎಂದು ಎಫ್‌ಎಆರ್ ನಿಯಮ ಹೇಳುತ್ತದೆ. ಹೈದರಾಬಾದ್ 2006ರಲ್ಲೇ ಇಂಥ ಮಿತಿಯನ್ನು ಸಡಿಲಿಸಿತು. ಅದಕ್ಕೇ ಕೋಕಾಪೇಟೆಯಲ್ಲಿ ಐವತ್ತು ಅಂತಸ್ತು ದಾಟಿದ ಟವರ್‌ಗಳು ಸಾಲಾಗಿ ಏಳುತ್ತಿವೆ. 2023ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರಿ ಹರಾಜಿನಲ್ಲಿ ಒಂದು ಎಕರೆ 100.75 ಕೋಟಿಗೆ ಹೋಯಿತು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹಾಗಾಗಿ ಈ ಪೈಪೋಟಿ ನಮಗೆ ದೂರದ ಸುದ್ದಿಯಲ್ಲ. ಯಾವ ಊರಿನ ಟವರ್ ಓಡುತ್ತದೋ ಆ ಊರಿನ ಬಸ್ಸಿಗೆ ನಮ್ಮವರು ಹತ್ತುತ್ತಾರೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಆ ದಾರಿ ಇನ್ನೂ ಸುಲಭವಾಗಿದೆ.

ಪೈಪೋಟಿಯಲ್ಲಿ ಜಾಗ, ಹೆಸರು ಬಿಟ್ಟು ಮೂರನೆಯದೊಂದಿದೆ. ಅದೇ ‘ಮುಗಿದ ಮನೆ’ ಎಂಬುದು. ಕಟ್ಟುತ್ತಿರುವ ಫ್ಲಾಟ್ ಕೊಂಡರೆ ಶೇ 5ರಷ್ಟು ಜಿಎಸ್‌ಟಿ ಕಟ್ಟಬೇಕು (ಕಡಿಮೆ ಬೆಲೆಯ ಮನೆಗಳಿಗೆ ಶೇ 1). ಕಟ್ಟಡಕ್ಕೆ ಮುಕ್ತಾಯದ ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. 50 ಕೋಟಿಯ ಮನೆಗೆ ಶೇ 5 ಎಂದರೆ ಎರಡೂವರೆ ಕೋಟಿ! ಒಂದು ಕಾಗದದ ಬೆಲೆ ಅಷ್ಟು. ಮುಗಿದ ಕಟ್ಟಡಗಳಲ್ಲೇ ಈಚಿನ ದಾಖಲೆಯ ವ್ಯವಹಾರಗಳು ನಡೆದಿವೆ. ಗುರುಗ್ರಾಮದ ಕ್ಯಾಮೆಲಿಯಾಸ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಒಂದು ಪೆಂಟ್‌ಹೌಸ್ 190 ಕೋಟಿಗೆ ಮಾರಾಟವಾಯಿತು. ಶ್ರೀಮಂತರು ಕಾಯುವ ಅಪಾಯವನ್ನು ಬೇರೆಯವರಿಗೆ ಬಿಡುತ್ತಾರೆ.

ಸ್ಲ್ಯಾಬ್ ನಂತರದ ಕೆಲಸ

ಕಳೆದ ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನ ಇನ್ನೊಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಅಲ್ಲಿ ಕಲಿತ ಮೊದಲ ಪಾಠ: ಕೊನೆಯ ಸ್ಲ್ಯಾಬ್ ಬಿದ್ದ ದಿನ ಕಟ್ಟಡ ಅರ್ಧವೂ ಮುಗಿದಿರುವುದಿಲ್ಲ. ಅಲ್ಯೂಮಿನಿಯಂ ಸೆಂಟ್ರಿಂಗ್ ಬಂದ ಮೇಲೆ ವಾರ, ಹತ್ತು ದಿನಕ್ಕೊಂದು ಅಂತಸ್ತು ಏರುತ್ತದೆ. ಹೊರಗಿನಿಂದ ನೋಡಿದವರಿಗೆ ‘ಆಗೇ ಹೋಯ್ತು’ ಅನಿಸುತ್ತದೆ. ಆಮೇಲೆ ಒಳಗಿನ ಪೈಪು, ವೈರಿಂಗ್, ಲಿಫ್ಟ್, ಬೆಂಕಿ ನಂದಿಸುವ ವ್ಯವಸ್ಥೆ, ಗಾಜು, ಫಾಲ್ಸ್ ಸೀಲಿಂಗ್, ನೆಲ, ಬಣ್ಣ ಎಂದು ವರ್ಷಗಳೇ ಹಿಡಿಯುತ್ತವೆ. ಐಷಾರಾಮಿ ಮನೆಯಲ್ಲಿ ಈ ‘ಫಿನಿಶಿಂಗ್’ ಕೆಲಸವೇ ಹೆಚ್ಚು ದುಡ್ಡು ತಿನ್ನುತ್ತದೆ.

ಕೊನೆಗೆ ಬರುವುದು ಸ್ನ್ಯಾಗ್ ಲಿಸ್ಟ್. ಅಂದರೆ ಕೀಲಿ ಕೊಡುವ ಮೊದಲು ಮನೆಯಲ್ಲಿ ಉಳಿದ ಸಣ್ಣ ದೋಷಗಳ ಪಟ್ಟಿ. ಎಂಜಿನಿಯರ್ ಒಬ್ಬರು ಕೈಯಲ್ಲಿ ಸಣ್ಣ ಸರಳು ಹಿಡಿದು ಒಂದೊಂದು ಟೈಲ್ಸನ್ನೂ ತಟ್ಟುತ್ತ ಹೋಗುತ್ತಾರೆ. ಅಡಿಯಲ್ಲಿ ಸಿಮೆಂಟ್ ಸರಿಯಾಗಿ ಕೂಡದಿದ್ದರೆ ಟೊಳ್ಳು ಸದ್ದು ಬರುತ್ತದೆ. ಅದಕ್ಕೆ ಕೆಂಪು ಸ್ಟಿಕ್ಕರ್. ಕೆಂಪು ಸ್ಟಿಕ್ಕರ್ ಬಿದ್ದದ್ದನ್ನು ಕಿತ್ತು ಮತ್ತೆ ಕೂಡಿಸಬೇಕು. ಹದಿನೈದು ದಿನ ನಾನೂ ಆ ಎಂಜಿನಿಯರ್ ಹಿಂದೆ ಸ್ಟಿಕ್ಕರ್ ಹಿಡಿದು ತಿರುಗಿದೆ.

ಇದು ಚಿಲ್ಲರೆ ಕೆಲಸವಲ್ಲ. ನ್ಯೂಯಾರ್ಕಿನ 432 ಪಾರ್ಕ್ ಅವೆನ್ಯೂ ಟವರ್ 2015ರಲ್ಲಿ ಮುಗಿದಾಗ ಜಗತ್ತಿನ ಅತಿ ಎತ್ತರದ ವಸತಿ ಕಟ್ಟಡವಾಗಿತ್ತು, 426 ಮೀಟರ್. ಆಮೇಲೆ ಅದೇ ಊರಿನ ಸೆಂಟ್ರಲ್ ಪಾರ್ಕ್ ಟವರ್ 472 ಮೀಟರ್ ಏರಿ ಆ ಪಟ್ಟ ಕಸಿದುಕೊಂಡಿತು. ಎತ್ತರದ ಪಟ್ಟ ಐದಾರು ವರ್ಷಕ್ಕೆ ಹೋಯಿತು. ಆದರೆ 432 ಪಾರ್ಕ್‌ನ ನಿವಾಸಿಗಳು 2021ರಲ್ಲಿ ಕಟ್ಟಿದವರ ಮೇಲೆ ಕೋರ್ಟಿಗೆ ಹೋದದ್ದು ನೀರು ಸೋರಿಕೆ, ಲಿಫ್ಟ್ ಕೆಡುವುದು, ಗಾಳಿಗೆ ಕಟ್ಟಡ ಕಿರುಗುಟ್ಟುವುದು ಇಂಥ ದೂರುಗಳಿಗಾಗಿ. ಮುಗಿಯಿತು ಎಂದು ಕೀಲಿ ಕೊಟ್ಟ ಮನೆ ಮುಗಿದಿರಲಿಲ್ಲ ಎಂಬುದು ಅವರ ವಾದ.

ಕಾನೂನಿನ ಪ್ರಕಾರ ಮುಗಿಯುವುದು ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರೂ ಹೇಳುವ ‘ಒಸಿ’ ಸಿಕ್ಕಾಗ. ನಕ್ಷೆಯಂತೆ ಕಟ್ಟಿದ್ದಾರಾ, ಬೆಂಕಿ ಬಿದ್ದರೆ ಜನ ನಿಲ್ಲಲು ಸುರಕ್ಷಿತ ಜಾಗ ಇದೆಯಾ ಎಂದೆಲ್ಲ ನೋಡಿ ಕೊಡುವ ಪತ್ರ ಅದು. ಬೆಂಗಳೂರಿನ ಅಗ್ನಿಶಾಮಕ ದಳಕ್ಕೆ 2022ರಲ್ಲಿ 90 ಮೀಟರ್ ಎತ್ತರಕ್ಕೆ ಏರುವ ಏಣಿಯ ವಾಹನ ಬಂತು. 160 ಮೀಟರ್ ಟವರ್‌ನ ಮೇಲಿನ ಮನೆಗಳಿಗೆ ಅದೂ ಎಟುಕುವುದಿಲ್ಲ. ಅಲ್ಲಿರುವವರ ಜೀವ ಕಟ್ಟಡದೊಳಗಿನ ವ್ಯವಸ್ಥೆಯನ್ನೇ ನಂಬಿಕೊಂಡಿದೆ.

ಒಸಿ ದೊಡ್ಡವರ ವಿಷಯ ಎಂದುಕೊಂಡಿದ್ದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಇಂಥ ಪತ್ರ ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಎಂದು ಹೇಳಿತು. 2025ರಲ್ಲಿ ಅದರ ಬಿಸಿ ಸಿಂಧನೂರಿನ ನಮ್ಮ ಅತ್ತೆಯ ಮನೆಗೂ ತಟ್ಟಿತು. 30–40 ನಿವೇಶನದಲ್ಲಿ ಹೊಸ ಮನೆ ಕಟ್ಟಿಸಿ, ಮೀಟರ್ ಸಿಗದೆ ಪಕ್ಕದ ಮನೆಯಿಂದ ವೈರ್ ಎಳೆದುಕೊಂಡು ತಿಂಗಳುಗಟ್ಟಲೆ ಕಳೆದರು. ಆಮೇಲೆ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸಣ್ಣ ನಿವೇಶನದ ಮನೆಗಳಿಗೆ ವಿನಾಯಿತಿ ಕೊಡುವ ದಾರಿ ಹುಡುಕಿತು. ಅದೇ ಕಾಗದಕ್ಕಾಗಿ 50 ಕೋಟಿಯ ಮನೆಯೂ ಕಾಯುತ್ತದೆ, ಅತ್ತೆಯ ಮನೆಯೂ ಕಾಯಿತು.

ಮೂರನೆಯ ಮುಕ್ತಾಯ

ಈಗ ಅಣ್ಣನ ಲೆಕ್ಕಕ್ಕೆ ಬರುತ್ತೇನೆ. ಕಟ್ಟಡ ಮೂರು ಸಲ ಮುಗಿಯಬೇಕು ಎಂದು ನನಗೆ ಈಗ ಅನಿಸುತ್ತದೆ. ಮಾರುಕಟ್ಟೆಗೆ ಅದು ಮಾರಾಟವಾದಾಗ ಮುಗಿಯುತ್ತದೆ. ಕಾನೂನಿಗೆ ಒಸಿ ಸಿಕ್ಕಾಗ ಮುಗಿಯುತ್ತದೆ. ದುಡಿದವನಿಗೆ ಕೊನೆಯ ಬಿಲ್ಲು ಕೈಗೆ ಬಂದಾಗ ಮುಗಿಯುತ್ತದೆ. ಮೊದಲಿನ ಎರಡಕ್ಕೆ ದಾಖಲೆ ಇದೆ. ಮೂರನೆಯದಕ್ಕೆ ಇಲ್ಲ.

ಅಣ್ಣನ ಗ್ಯಾಂಗಿನಲ್ಲಿ ಆರು ಜನ, ಎಲ್ಲರೂ ಮಸ್ಕಿ, ಲಿಂಗಸುಗೂರು ಕಡೆಯವರೇ. ಅವರದು ದಿನಗೂಲಿ ಅಲ್ಲ, ಚದರ ಅಡಿ ಲೆಕ್ಕ. ಮನೆ ಕೊಂಡವರ ಹಣ ಬಿಲ್ಡರ್‌ಗೆ, ಬಿಲ್ಡರ್‌ನಿಂದ ದೊಡ್ಡ ಗುತ್ತಿಗೆದಾರನಿಗೆ, ಅವನಿಂದ ನೆಲಹಾಸಿನ ಏಜೆನ್ಸಿಗೆ, ಅಲ್ಲಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಇವರಿಗೆ. ಪ್ರತಿ ಬಿಲ್ಲಿನಲ್ಲೂ ‘ದೋಷ ಕಂಡರೆ ಇರಲಿ’ ಎಂದು ಒಂದಿಷ್ಟು ಹಿಡಿದುಕೊಳ್ಳುತ್ತಾರೆ. ಮನೆ ಹಸ್ತಾಂತರ ಆದ ಮೇಲೆ ಅದು ಬಿಡುಗಡೆಯಾಗಬೇಕು. ಅಣ್ಣ ನೆಲ ಹಾಕಿ ಹೋದ ಮೇಲೆ ಪ್ಲಂಬರ್ ಬಂದು ಪೈಪಿಗಾಗಿ ಎರಡು ಕಡೆ ಮಾರ್ಬಲ್ ಒಡೆದ. ಕೆಂಪು ಸ್ಟಿಕ್ಕರ್ ಬಿದ್ದದ್ದು ಅಣ್ಣನ ಹೆಸರಿಗೆ. ಅವನ ಅಳತೆಗೆ ಸಹಿ ಮಾಡಿದ ಎಂಜಿನಿಯರ್ ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿದ್ದರು. ಮೇಸ್ತ್ರಿ ಏಜೆನ್ಸಿಯ ಕಡೆ, ಏಜೆನ್ಸಿ ಗುತ್ತಿಗೆದಾರನ ಕಡೆ ಕೈ ತೋರಿಸಿದರು. ಅಣ್ಣನ ಬಳಿ ಇದ್ದ ದಾಖಲೆ ಒಂದೇ: ಮೊಬೈಲಿನಲ್ಲಿದ್ದ ಆ ಹೊಳೆಯುವ ನೆಲದ ಫೋಟೊ.

ನನ್ನ ಫೀಸಿನ ಕೊನೆಯ ದಿನ ಬಂತು. ಅವ್ವ ತನ್ನ ಗುಂಡಿನ ಸರವನ್ನು ಅಡವಿಟ್ಟಳು. ‘ಕಟ್ಟಡ ಓದಾಕ ಸರ ಹೋತು, ಓದಿ ಮುಗಿಸಿ ಬಿಡಿಸ್ಕೊಂಡ್ ಬಾ’ ಎಂದು ನಗುತ್ತಲೇ ಹೇಳಿದಳು. ಏಳು ತಿಂಗಳ ನಂತರ ಅಣ್ಣನಿಗೆ 25 ಸಾವಿರ ಬಂತು. ಇನ್ನೂ 17 ಸಾವಿರ ಬರಬೇಕು.

ಕಾನೂನು ಇಲ್ಲವೇ ಇಲ್ಲ ಎಂದಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಇದೆ. ಆದರೆ ಬಾಯಿಮಾತಿನ ಮೇಲೆ, ಚದರ ಅಡಿ ಲೆಕ್ಕದಲ್ಲಿ, ನಾಲ್ಕು ಕೈ ದಾಟಿ ಬಂದ ಕೆಲಸಕ್ಕೆ ‘ನಾನು ಇಲ್ಲಿ ದುಡಿದೆ’ ಎಂದು ತೋರಿಸುವುದೇ ಕಷ್ಟ.

ಇದನ್ನು ಮನೆ ಕೊಂಡವರ ಸ್ಥಿತಿಗೆ ಹೋಲಿಸಿ ನೋಡಿ. ಮೊದಲು ಅವರೂ ಹೀಗೇ ಅಲೆಯುತ್ತಿದ್ದರು. 2016ರಲ್ಲಿ ರೇರಾ ಕಾಯ್ದೆ ಬಂತು. ಕೊಂಡವರಿಂದ ಬಂದ ಹಣದ ಶೇ 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ತಡವಾದರೆ ಬಡ್ಡಿ ಕೊಡಬೇಕು. ಹಸ್ತಾಂತರವಾದ ಐದು ವರ್ಷದೊಳಗೆ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಆ ಶೇ 70ರ ಖಾತೆಯಿಂದ ಹಣ ತೆಗೆಯಬೇಕಾದರೆ ಕೆಲಸ ಇಷ್ಟು ಆಗಿದೆ ಎಂದು ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣಪತ್ರ ಕೊಡಬೇಕು.

ಇಲ್ಲೇ ನನ್ನ ಒಂದು ಸಲಹೆ ಇದೆ. ಕೆಲಸ ಆಗಿದೆ ಎಂದು ಮೂವರು ಸಹಿ ಹಾಕುವ ಆ ಪತ್ರದಲ್ಲೇ, ‘ಈ ಹಂತದವರೆಗೆ ಕೆಲಸ ಮಾಡಿದ ಕೆಳಗಿನ ಗುತ್ತಿಗೆದಾರರ ಮತ್ತು ಕೆಲಸಗಾರರ ಬಾಕಿ ಕೊಡಲಾಗಿದೆ’ ಎಂಬ ಒಂದು ಸಾಲು ಯಾಕೆ ಇರಬಾರದು? ಒಸಿ ಅರ್ಜಿಯ ಜೊತೆಗೂ ಅದೇ ಸಾಲನ್ನು ಕೇಳಬಹುದು. ಹೊಸ ಇಲಾಖೆ ಬೇಡ, ಹೊಸ ಕಚೇರಿ ಬೇಡ. ಆಕ್ಷೇಪ ಇದ್ದವರು ದೂರು ಕೊಡಲಿ ಎಂದು ಹದಿನೈದು ದಿನ ಸೈಟಿನ ಗೇಟಿಗೆ ಕನ್ನಡದಲ್ಲಿ, ಹಿಂದಿಯಲ್ಲಿ ಒಂದು ನೋಟಿಸ್ ಅಂಟಿಸಿದರೆ ಸಾಕು. ಇದರಿಂದ ಮನೆಯ ಬೆಲೆ ಏರುತ್ತದೆ ಎಂದು ಯಾರಾದರೂ ಹೇಳಬಹುದು. ಕೊಡಲೇಬೇಕಾದ ದುಡ್ಡನ್ನು ಹೊತ್ತಿಗೆ ಸರಿಯಾಗಿ ಕೊಡುವುದಕ್ಕೆ ಬೆಲೆ ಯಾಕೆ ಏರಬೇಕು? ಇನ್ನು, ಬಾಕಿ ಸಿಗದ ಕೆಲಸಗಾರ ದೋಷ ಸರಿಪಡಿಸಲು ಎರಡನೇ ಸಲ ಬರುವುದಿಲ್ಲ. ಕೊಂಡವರಿಗೂ ಇದು ಒಳ್ಳೆಯದೇ.

ನಮ್ಮ ಪಾಲಿನ ಕೆಲಸ

ಈ ಪುಟ ಓದುವ ನನ್ನಂಥ ವಿದ್ಯಾರ್ಥಿಗಳಿಗೆ, ಕೆಲಸ ಹುಡುಕುತ್ತಿರುವವರಿಗೆ ಇದರಿಂದ ತಿಳಿಯಬಹುದಾದ್ದು ಎರಡು ವಿಷಯ.

ಒಂದು, ಸಿವಿಲ್ ಓದಿದವರಿಗೆ ಕೆಲಸವಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ನಾವೆಲ್ಲ ಡಿಸೈನ್, ಇಲ್ಲವೇ ಸರ್ಕಾರಿ ಜೆಇ ಹುದ್ದೆ ಎಂದು ಎರಡೇ ಬಾಗಿಲು ನೋಡುತ್ತೇವೆ. ಟವರ್‌ಗಳು ಮುಗಿಯುವ ಹಂತದಲ್ಲಿ ಗುಣಮಟ್ಟ ಪರೀಕ್ಷೆ, ಬೆಂಕಿ ಸುರಕ್ಷತೆ, ಗಾಜಿನ ಹೊರಮೈ, ಪೈಪು–ವಿದ್ಯುತ್ತಿನ ಹೊಂದಾಣಿಕೆ, ಬಿಲ್ಲಿಂಗ್ ಇವುಗಳಿಗೆ ಜನ ಬೇಕು. ಎತ್ತರದ ಕಾಂಕ್ರೀಟ್ ಕಟ್ಟಡಗಳಿಗೆಂದೇ ಐಎಸ್ 16700 ಎಂಬ ಮಾನದಂಡ 2017ರಲ್ಲಿ ಬಂದಿದೆ. 50ರಿಂದ 250 ಮೀಟರ್ ಎತ್ತರದ ಕಟ್ಟಡಗಳಿಗೆ ಅದು ಅನ್ವಯಿಸುತ್ತದೆ. ಅದನ್ನೊಮ್ಮೆ ಓದಿಕೊಂಡು ಹೋದರೆ ಸಂದರ್ಶನದಲ್ಲಿ ಹೇಳಲು ನಿಮ್ಮ ಬಳಿ ಏನಾದರೂ ಇರುತ್ತದೆ. ಕರ್ನಾಟಕ ರೇರಾದ ಜಾಲತಾಣದಲ್ಲಿ ಯಾವ ಯೋಜನೆ ಎಲ್ಲಿಗೆ ಬಂದಿದೆ ಎಂದು ಮೂರು ತಿಂಗಳಿಗೊಮ್ಮೆ ಮಾಹಿತಿ ಹಾಕಬೇಕೆಂಬ ನಿಯಮವಿದೆ. ಮನೆ ಕೊಳ್ಳುವವರಷ್ಟೇ ಅಲ್ಲ, ಅಂಥ ಕಂಪನಿಗೆ ಸೇರುವ ಮೊದಲು ನಾವೂ ಅದನ್ನು ನೋಡಬೇಕು. ಹೊತ್ತಿಗೆ ಸರಿಯಾಗಿ ಮುಗಿಸದ ಕಂಪನಿ ಸಂಬಳವನ್ನೂ ಹೊತ್ತಿಗೆ ಕೊಡಲಾರದು.

ಎರಡು, ನಮ್ಮ ಊರುಗಳಿಂದ ದುಡಿಯಲು ಹೋಗುವ ಅಣ್ಣ, ಅಕ್ಕಂದಿರಿಗೆ ನಾವು ಮಾಡಬಹುದಾದ ಸಣ್ಣ ಕೆಲಸಗಳಿವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನಮ್ಮವರು ಚಿನ್ನಕ್ಕಾಗಿ ಭೂಮಿಯೊಳಗೆ ಇಳಿಯುತ್ತಾರೆ. ಬೆಂಗಳೂರಿನ ಯಾವ ಟವರ್‌ನ ಎತ್ತರಕ್ಕಿಂತಲೂ ಆ ಗಣಿಯ ಆಳ ಹೆಚ್ಚು. ಆದರೆ ಗಣಿಗೆ ಇಳಿಯುವವನ ಹೆಸರು ಪ್ರತಿದಿನ ಹಾಜರಿಯಲ್ಲಿರುತ್ತದೆ, ಎಷ್ಟು ಜನ ಇಳಿದರು, ಎಷ್ಟು ಜನ ಮೇಲೆ ಬಂದರು ಎಂಬ ಲೆಕ್ಕ ಇರುತ್ತದೆ. ಟವರ್ ಏರುವವನ ಹೆಸರಿಗೂ ಅಂಥ ಲೆಕ್ಕ ಬೇಕು. ವರ್ಷಕ್ಕೆ 90 ದಿನ ನಿರ್ಮಾಣ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಆ ಅರ್ಜಿ ತುಂಬಿಕೊಡಲು ಒಬ್ಬ ಪಿಯು ವಿದ್ಯಾರ್ಥಿ ಸಾಕು. ದಿನಾ ಎಷ್ಟು ಅಡಿ ಕೆಲಸವಾಯಿತು ಎಂದು ಬರೆದು, ಸೈಟಿನವರ ಸಹಿ ಹಾಕಿಸಿ, ಫೋಟೊ ತೆಗೆದು ಮನೆಗೆ ಕಳಿಸಲು ಹೇಳಬಹುದು. ಈಗ ನಮ್ಮ ಅಣ್ಣ ಅದನ್ನೇ ಮಾಡುತ್ತಾನೆ. ಪ್ರತಿ ಶನಿವಾರ ರಾತ್ರಿ ನನ್ನ ಮೊಬೈಲಿಗೆ ಒಂದು ನೋಟ್‌ಬುಕ್ಕಿನ ಹಾಳೆ ಬರುತ್ತದೆ. ನಾನು ಅದನ್ನು ಕೂಡಿಸಿ ಇಡುತ್ತೇನೆ.

ಮುಂದೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಮೊದಲು ‘ಸ್ಟ್ರಕ್ಚರಲ್ ಡಿಸೈನರ್’ ಎನ್ನುತ್ತಿದ್ದೆ. ಈಗ ಬಿಲ್ಲಿಂಗ್ ಎಂಜಿನಿಯರ್ ಆಗಬೇಕು ಎನ್ನುತ್ತೇನೆ. ಗೆಳತಿಯರು ನಗುತ್ತಾರೆ, ಅದೇನು ದೊಡ್ಡ ಹುದ್ದೆ ಎನ್ನುತ್ತಾರೆ. ಅಳತೆ ಪುಸ್ತಕದಲ್ಲಿ ‘ಇಷ್ಟು ಚದರ ಅಡಿ ಆಗಿದೆ’ ಎಂದು ಸಹಿ ಹಾಕುವವರು ಅವರೇ. ಆ ಸಹಿ ಒಂದು ವಾರ ತಡವಾದರೆ ಮಸ್ಕಿಯ ಒಂದು ಮನೆಯಲ್ಲಿ ಏನು ನಿಲ್ಲುತ್ತದೆ ಎಂದು ನನಗೆ ಗೊತ್ತು.

ಕಳೆದ ದೀಪಾವಳಿಗೆ ಅಣ್ಣ ಊರಿಗೆ ಬಂದಿದ್ದ. ಮಾಳಿಗೆ ಮೇಲೆ ಕೂತಿದ್ದಾಗ ಕೇಳಿದ: ‘ನೀ ಎಂಜಿನಿಯರ್ ಆದ ಮ್ಯಾಲ ಬಿಲ್ಲಿಗೆ ಸಹಿ ಎಷ್ಟ್ ದಿನಕ್ಕ ಹಾಕ್ತಿ ತಂಗಿ?’ 

‘ಅಳತಿ ಹಿಡಿದ ದಿನಾನ’ ಎಂದೆ.